12ರಿಂದ 16ಕ್ಕೆ: ಕೆಟಲ್‌ಬೆಲ್ ಪ್ರೆಸ್‌ನಲ್ಲಿ ಆ ನಾಲ್ಕು ಕೆಜಿ

ಕೆಟಲ್‌ಬೆಲ್ ಅಂದರೆ ಮೇಲೆ ಹಿಡಿ ಇರುವ ಕಬ್ಬಿಣದ ಗುಂಡು. ಅದನ್ನು ಭುಜದ ಹತ್ತಿರದಿಂದ ಒಂದೇ ಕೈಯಲ್ಲಿ ತಲೆಯ ಮೇಲಕ್ಕೆ ಒತ್ತಿ ಎತ್ತುವುದು ಪ್ರೆಸ್. ಅದನ್ನು ಮಾಡುವವರೆಲ್ಲ ಒಂದಲ್ಲ ಒಂದು ದಿನ ಇಲ್ಲಿ ಬಂದು ನಿಲ್ಲುತ್ತಾರೆ. ಕೈಯಲ್ಲಿರುವುದು ಹಗುರ ಅನಿಸುತ್ತದೆ. ಮುಂದಿನದು ಭುಜ ಬಿಟ್ಟು ಏಳುವುದೇ ಇಲ್ಲ. ನಾನು ನಿಂತದ್ದು 12 ಮತ್ತು 16 ಕೆಜಿ ನಡುವೆ. ನನ್ನ ತಮ್ಮ ಈಗ ನಿಂತಿರುವುದು 20 ಮತ್ತು 24ರ ನಡುವೆ. ನಿನ್ನೆವರೆಗೆ ಸಲೀಸಾಗಿ ಹೋಗುತ್ತಿದ್ದ ಕೈ ಬರೀ ನಾಲ್ಕು ಕೆಜಿ ಜಾಸ್ತಿ ಆದ ತಕ್ಷಣ ಹೀಗೆ ಯಾಕೆ ಆಡುತ್ತದೆ ಅಂತ ಅವನು ಕೇಳುತ್ತಲೇ ಇರುತ್ತಾನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಮನೆಯಲ್ಲಿ ಎಲ್ಲರೂ ಅದನ್ನು ಗುಂಡು ಅಂತಲೇ ಅನ್ನುವುದರಿಂದ ನಾನೂ ಹಾಗೇ ಬರೆಯುತ್ತೇನೆ.

ನಾಲ್ಕು ಕೆಜಿ ಅನ್ನುವುದು ಸಣ್ಣ ತೂಕ ಅಲ್ಲ. ಲೆಕ್ಕ ಹಾಕಿ ನೋಡಿ. ಬಾರ್‌ಬೆಲ್ ಎತ್ತುವವರು ಎರಡೂ ತುದಿಗೆ 1.25 ಕೆಜಿ ಪ್ಲೇಟ್ ಹಾಕಿ ಎರಡೂವರೆ ಕೆಜಿ ಏರಿಸುತ್ತಾರೆ. 40 ಕೆಜಿ ಪ್ರೆಸ್ ಮಾಡುವವರಿಗೆ ಅದು ಶೇ. 6ರಷ್ಟು ಏರಿಕೆ, ಅದೂ ಎರಡು ಕೈಗೆ ಹಂಚಿ. ಕೆಟಲ್‌ಬೆಲ್‌ನಲ್ಲಿ ಅಂಥ ಅನುಕೂಲ ಇಲ್ಲ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 8, 12, 16, 20, 24, ಹೀಗೇ ಹೋಗುತ್ತದೆ. 8ರಿಂದ 12 ಅಂದರೆ ಶೇ. 50. 12ರಿಂದ 16 ಅಂದರೆ ಶೇ. 33. 16ರಿಂದ 20ಕ್ಕೆ ಶೇ. 25, 20ರಿಂದ 24ಕ್ಕೆ ಶೇ. 20. ಪೂರ್ತಿ ಏರಿಕೆ ಒಂದೇ ಭುಜದ ಮೇಲೆ ಬೀಳುತ್ತದೆ.

ಹೆಣ್ಣುಮಕ್ಕಳು ಇದನ್ನು ಚೆನ್ನಾಗಿ ತಲೆಯಲ್ಲಿ ಇಟ್ಟುಕೊಳ್ಳಬೇಕು ಅಂತ ನನ್ನ ಆಸೆ. ನಾವು ಸಾಮಾನ್ಯವಾಗಿ ಚಿಕ್ಕ ಗುಂಡಿನಿಂದ ಶುರು ಮಾಡುತ್ತೇವೆ, ಚಿಕ್ಕ ಗುಂಡುಗಳ ನಡುವೆಯೇ ಅಂತರ ದೊಡ್ಡದು. 8ರಿಂದ 12ಕ್ಕೆ ಹೋಗಲಾಗದೆ ಎಷ್ಟೋ ಜನ ‘ನಮ್ಮ ಭುಜದಲ್ಲಿ ಶಕ್ತಿ ಅಷ್ಟೇ’ ಅಂದುಕೊಂಡು ಪ್ರೆಸ್ ಬಿಟ್ಟು ಬರೀ ಸ್ವಿಂಗ್ (ಗುಂಡನ್ನು ಕಾಲ ಸಂದಿಯಿಂದ ಎದೆಮಟ್ಟಕ್ಕೆ ಬೀಸುವುದು) ಮಾಡಿಕೊಂಡು ಇದ್ದುಬಿಡುತ್ತಾರೆ. ಅವರ ಮೇಲೆ ಬಿದ್ದಿರುವುದು ಒಂದೇ ಸಲಕ್ಕೆ ಅರ್ಧದಷ್ಟು ಜಾಸ್ತಿ ಭಾರ. ಜಿಮ್‌ನಲ್ಲಿ 60 ಕೆಜಿ ಪ್ರೆಸ್ ಮಾಡುವ ಗಟ್ಟಿಮುಟ್ಟಾದ ಹುಡುಗನ ಬಾರ್‌ಗೆ ನಾಳೆ 90 ಹಾಕಿ ಎತ್ತು ಅಂದರೆ ಎತ್ತುತ್ತಾನಾ? ಅವನನ್ನು ಯಾರೂ ಹಾಗೆ ಕೇಳುವುದಿಲ್ಲ. ನಮ್ಮನ್ನು ಗುಂಡು ಕೇಳುತ್ತದೆ.

ಈ ತೂಕಗಳ ಮೂಲ ರಷ್ಯಾದಲ್ಲಿದೆ. ಅಲ್ಲಿ ಪೂಡ್ ಅಂತ ಹಳೆಯ ತೂಕ ಇತ್ತು, ಸುಮಾರು 16.38 ಕೆಜಿ. ಸಂತೆಯಲ್ಲಿ ದವಸ ತೂಗುವ ಕಬ್ಬಿಣದ ತೂಕದ ಕಲ್ಲುಗಳೇ ಮುಂದೆ ಶಕ್ತಿ ತೋರಿಸುವ ಸಾಮಾನಾದವು. 16 ಅಂದರೆ ಒಂದು ಪೂಡ್, 24 ಒಂದೂವರೆ, 32 ಎರಡು. ಆ ಮೂರು ತೂಕದಲ್ಲೇ ಪಳಗಿದವರು ಎಂಟೆಂಟು ಕೆಜಿ ಹಾರುತ್ತಿದ್ದರು. ಅವರು ನಡುವಿನ ಜಾಗವನ್ನು ದಾಟಿದ್ದು ಹೇಗೆ ಅಂದರೆ ಇರುವ ಗುಂಡಿನಲ್ಲೇ ಕೆಲಸ ಜಾಸ್ತಿ ಮಾಡಿ. ಬೇರೆ ದಾರಿಯೇ ಇರಲಿಲ್ಲ.

ನಮ್ಮ ಸೋದರಮಾವ ವಯಸ್ಸಿನಲ್ಲಿ ಗರಡಿಗೆ ಹೋಗುತ್ತಿದ್ದವರು. ದಸರಾ ಕುಸ್ತಿ ಶುರುವಾಯಿತೆಂದರೆ ಈಗಲೂ ಮೈಸೂರಿನ ದೊಡ್ಡಕೆರೆ ಮೈದಾನದ ಕಡೆ ಹೊರಟುಬಿಡುತ್ತಾರೆ. ಅವರಿಗೆ ಕೆಟಲ್‌ಬೆಲ್ ಹೊಸದು, ಆದರೆ ನಾನು ತಾರಸಿಯಲ್ಲಿ 16 ಹಿಡಿದು ಒದ್ದಾಡುವುದನ್ನು ನೋಡಿ ಕೇಳಿದ ಪ್ರಶ್ನೆ ಸರಿಯಾಗಿತ್ತು. ‘ಚಿಕ್ಕದರಲ್ಲಿ ಎಷ್ಟು ಎಣಿಕೆ ಆಗುತ್ತವ್ವ?’ ಅಂದರು. ಬಸ್ಕಿಯಲ್ಲಾಗಲಿ ದಂಡದಲ್ಲಾಗಲಿ ತಮಗೆ ಮೊದಲು ಏರಿಸಿದ್ದು ಎಣಿಕೆ, ಗದೆ ಬದಲಾದದ್ದು ಎಷ್ಟೋ ಆಮೇಲೆ ಅಂತ ಹೇಳಿದರು.

ಆ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಹುಡುಕುವುದಕ್ಕೆ ಒಂದು ಸೂತ್ರ ಇದೆ. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಕೋಚ್ ಆಗಿದ್ದ ಬಾಯ್ಡ್ ಎಪ್ಲಿ ಹೆಸರಿನದು. ಎತ್ತುವ ಭಾರವನ್ನು ರೆಪ್‌ಗಳಿಂದ, ಅಂದರೆ ಬಿಡುವಿಲ್ಲದೆ ಎಷ್ಟು ಸಲ ಎತ್ತಿದಿರೋ ಆ ಎಣಿಕೆಯಿಂದ ಗುಣಿಸಿ, 30ರಿಂದ ಭಾಗಿಸಿ, ಬಂದದ್ದನ್ನು ಅದೇ ಭಾರಕ್ಕೆ ಕೂಡಿಸಿ. ಒಂದೇ ಒಂದು ಸಲ ಎತ್ತಬಹುದಾದ ಭಾರದ ಅಂದಾಜು ಸಿಗುತ್ತದೆ. 12 ಕೆಜಿಯನ್ನು 10 ಸಲ ಪ್ರೆಸ್ ಮಾಡಿದರೆ 120ನ್ನು 30ರಿಂದ ಭಾಗಿಸಿ 4, ಕೂಡಿಸಿದರೆ 16. ಅಂದರೆ 12ರಲ್ಲಿ ಒಂದೇ ಉಸಿರಿಗೆ ಅನ್ನುವಂತೆ ಹತ್ತು ಸ್ವಚ್ಛ ರೆಪ್ ಬಂದರೆ 16ರ ಬಾಗಿಲು ತೆರೆಯುತ್ತದೆ. 16ರಿಂದ 20ಕ್ಕೆ ಏಳೆಂಟು ರೆಪ್ ಸಾಕು. 20ರಿಂದ 24ಕ್ಕೆ ಆರು. 8ರಿಂದ 12ಕ್ಕೆ ಮಾತ್ರ ಹದಿನೈದು ಬೇಕು, ಹತ್ತು ದಾಟಿದ ಮೇಲೆ ಈ ಸೂತ್ರದ ಅಂದಾಜು ಸಡಿಲ ಆಗುವುದರಿಂದ ಅದನ್ನು ಜಾಸ್ತಿ ನಂಬಬೇಡಿ. ಆದರೂ ದಿಕ್ಕು ಗೊತ್ತಾಗುತ್ತದೆ ಅಲ್ವಾ? ಐದು ರೆಪ್ ಮಾಡಿ ಸುಸ್ತಾಗುವ ಕೈ ಮುಂದಿನ ಗುಂಡಿಗೆ ಸಿದ್ಧವಾಗಿಲ್ಲ ಅಷ್ಟೆ. ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇಲ್ಲ.

ತಮ್ಮನದು ಬೇರೆ ಅಭ್ಯಾಸ. ಬೆಳಗ್ಗೆ ತಾರಸಿಗೆ ಬಂದವನೇ ‘ಅಕ್ಕ, ಇವತ್ತು ಹೋಗುತ್ತೆ ಅನ್ಸುತ್ತೆ, ಒಂದ್ಸಲ ನೋಡ್ತೀನಿ’ ಅಂತ 24ಕ್ಕೆ ಕೈ ಹಾಕುತ್ತಾನೆ. ಅರ್ಧಕ್ಕೆ ಏರುತ್ತದೆ, ಹಣೆ ಹತ್ತಿರ ನಿಲ್ಲುತ್ತದೆ, ಇಳಿಸುತ್ತಾನೆ. ಹಾಗೆ ಮೂರು ನಾಲ್ಕು ಸಲ. ಆಮೇಲೆ ಅಸಲಿ ಸೆಟ್‌ಗೆ (ಬಿಡುವಿಲ್ಲದೆ ಮಾಡುವ ಒಂದು ಸುತ್ತಿಗೆ) ಭುಜದಲ್ಲಿ ಏನೂ ಉಳಿದಿರುವುದಿಲ್ಲ. ಹೀಗೆ ಪ್ರತಿದಿನ ಪರೀಕ್ಷೆ ಬರೆದರೆ ಓದುವುದು ಯಾವಾಗ? ಜೊತೆಗೆ, ಹಣೆಯ ಹತ್ತಿರ ನಿಲ್ಲುವುದು ಅನ್ನುವ ಚಾಳಿ ಕೈಗೆ ಕೂತುಬಿಡುತ್ತದೆ. ಆ ಗುಂಡು ಕಂಡ ಕೂಡಲೇ ಮೈ ಸೋಲಿಗೆ ಸಿದ್ಧವಾಗುತ್ತದೆ.

ನಾನು ಹಿಡಿದದ್ದು ಲ್ಯಾಡರ್ ದಾರಿ. ಬೆಲಾರುಸ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ಅಲ್ಲಿ ಕೆಟಲ್‌ಬೆಲ್ ಜನಪ್ರಿಯ ಮಾಡಿದ ಪಾವೆಲ್ ತ್ಸಾತ್ಸೂಲಿನ್ ಇದನ್ನು ತುಂಬ ಜನಕ್ಕೆ ಮುಟ್ಟಿಸಿದರು. ಮಾಡುವುದು ಸುಲಭ. ಎಡಗೈ ಒಂದು, ಬಲಗೈ ಒಂದು. ಸ್ವಲ್ಪ ಬಿಡುವು. ಎಡಗೈ ಎರಡು, ಬಲಗೈ ಎರಡು. ಬಿಡುವು. ಮೂರು, ಮೂರು. ಅಲ್ಲಿಗೆ ಒಂದು ಲ್ಯಾಡರ್. ಮತ್ತೆ ಒಂದರಿಂದ ಶುರು. ಹೀಗೆ ಮಾಡಿದರೆ ಜಾಸ್ತಿ ರೆಪ್ ಇರುವ ಸೆಟ್ ಆದ ಮೇಲೆ ಕಡಿಮೆ ರೆಪ್ ಇರುವ ಸೆಟ್ ತಾನಾಗಿಯೇ ಬರುತ್ತದೆ, ಕೈಗೆ ಚೇತರಿಸಿಕೊಳ್ಳಲು ಜಾಗ ಸಿಗುತ್ತದೆ, ಯಾವ ಸೆಟ್‌ನಲ್ಲೂ ಕೊನೆಯ ರೆಪ್ ನಡುಗುತ್ತ ಮುಗಿಯುವುದಿಲ್ಲ, ಆದರೂ ಕೊನೆಗೆ ಎಣಿಸಿದರೆ ಸಾಕಷ್ಟು ಕೆಲಸ ಆಗಿರುತ್ತದೆ. 1-2-3 ಲ್ಯಾಡರ್ ಐದು ಸಲ ಅಂದರೆ ಒಂದೊಂದು ಕೈಗೆ 30 ರೆಪ್. 4 ಸೇರಿಸಿದರೆ 50. 5 ಸೇರಿಸಿದರೆ 75. ಕೆಜಿಯಲ್ಲಿ ನೋಡಿ: 12 ಕೆಜಿಯ 30 ರೆಪ್ ಅಂದರೆ ಒಂದು ಕೈ ಎತ್ತಿದ್ದು 360 ಕೆಜಿ. 75 ರೆಪ್ ಅಂದರೆ 900 ಕೆಜಿ. ಗುಂಡು ಅದೇ. ಭುಜ ಮಾಡಿದ ಕೆಲಸ ಎರಡೂವರೆ ಪಟ್ಟು. ನಾನು ನೋಡಿದ ಅಂಗಡಿಗಳಲ್ಲಿ ಸಿಗದ 13, 14, 15 ಕೆಜಿ ಗುಂಡುಗಳೆಲ್ಲ ಈ ಲ್ಯಾಡರ್ ಒಳಗೆ ಇವೆ ಅಂತ ನನಗೆ ಅನಿಸುವುದು ಇದಕ್ಕೇ.

ವಾರಕ್ಕೆ ಮೂರು ದಿನ ಸಾಕು. ಭಾನುವಾರ ಜಾಸ್ತಿ, ಮಂಗಳವಾರ ಕಡಿಮೆ, ಗುರುವಾರ ನಡುವಿನದು. ಭಾನುವಾರ 5ರ ತನಕ ಹೋದರೆ ಮಂಗಳವಾರ 3ಕ್ಕೇ ನಿಲ್ಲಿಸುವುದು, ಗುರುವಾರ 4ಕ್ಕೆ. ಮಂಗಳವಾರದ ಕಡಿಮೆ ಕೆಲಸವನ್ನು ಬಿಟ್ಟುಬಿಡುವವರು ಜಾಸ್ತಿ. ಬಿಡಬೇಡಿ. ಅವತ್ತು ಕೆಲಸ ಕಡಿಮೆ ಇದ್ದು ಕೈ ದಣಿಯದೆ ಇರುವುದರಿಂದ ರೆಪ್‌ಗಳು ಬಹಳ ಚೆನ್ನಾಗಿ ಬರುತ್ತವೆ, ಆ ಚೆಂದವನ್ನೇ ಮೈ ಕಲಿಯುವುದು. ಲ್ಯಾಡರ್ ಉದ್ದ ಮಾಡುವಾಗಲೂ ಅವಸರ ಬೇಡ. ಐದೂ ಲ್ಯಾಡರ್ 3ಕ್ಕೆ ಮುಟ್ಟಿದ ಮೇಲೆ ಒಂದರಲ್ಲಿ ಮಾತ್ರ 4 ಮಾಡಿ. ಮುಂದಿನ ವಾರ ಎರಡರಲ್ಲಿ. ನಾನು ಆಷಾಢದ ಗಾಳಿಯಲ್ಲಿ ಶುರು ಮಾಡಿದ್ದು, 16 ಮೇಲೆ ಹೋದದ್ದು ದಸರಾ ಕಳೆದ ಮೇಲೆ. ಮಳೆ ಬಂದ ದಿನ ಹಾಲ್‌ನಲ್ಲಿ ಗೋಣಿಚೀಲ ಮಡಿಸಿ ಹಾಕಿಕೊಂಡು ಮಾಡುತ್ತಿದ್ದೆ. ಕೆಳಗಡೆ ಬಾಡಿಗೆಗೆ ಇರುವವರಿಗೆ ಗುಂಡು ಇಟ್ಟ ಸದ್ದು ಕೇಳಬಾರದಲ್ಲ.

ಅಷ್ಟು ತಿಂಗಳು 16 ಕೆಜಿ ಗುಂಡು ಮೂಲೆಯಲ್ಲಿ ಕೂತಿತ್ತಾ ಅಂದರೆ ಇಲ್ಲ. ಅದರ ಜೊತೆ ಕೈ ಸಲಿಗೆ ಬೆಳೆಸಬೇಕು. ಸ್ವಿಂಗ್ ಅದರಲ್ಲೇ ಮಾಡುತ್ತಿದ್ದೆ. ಕ್ಲೀನ್ ಮಾಡಿ, ಅಂದರೆ ಕೆಳಗಿನಿಂದ ಒಂದೇ ಎಳೆತಕ್ಕೆ ಭುಜದ ಮಟ್ಟಕ್ಕೆ ತಂದು, ಎದೆಯ ಹತ್ತಿರ ರ‍್ಯಾಕ್‌ನಲ್ಲಿ ಹಿಡಿದು ತಾರಸಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಗುಂಡಿನ ಭಾರ ಪಕ್ಕೆಗೆ, ಹೊಟ್ಟೆಗೆ, ಕಾಲಿಗೆ ಹಂಚಿಕೊಳ್ಳುವುದನ್ನು ಇದು ಕಲಿಸಿದಷ್ಟು ಬೇರೆ ಯಾವುದೂ ಕಲಿಸುವುದಿಲ್ಲ. ಆಮೇಲೆ ಪುಶ್ ಪ್ರೆಸ್. ಮಂಡಿ ಸ್ವಲ್ಪ ಬಗ್ಗಿಸಿ ಕಾಲಿನ ಬಲದಿಂದ ಗುಂಡನ್ನು ಮೇಲೆ ಕಳಿಸಿ, ಮೇಲೆ ಒಂದು ಉಸಿರು ನಿಂತು, ಐದು ಎಣಿಸುತ್ತ ನಿಧಾನವಾಗಿ ಇಳಿಸುವುದು. ಎತ್ತಲಾಗದ ಭಾರವನ್ನೂ ಸ್ನಾಯು ಹಿಡಿತದಲ್ಲಿ ಇಳಿಸಬಲ್ಲದು, ಇಳಿಸುವಾಗ ಅದಕ್ಕೆ ಬಲ ಜಾಸ್ತಿ. ಇದನ್ನು ಮಾತ್ರ ಮಿತವಾಗಿ ಮಾಡಿ, ಒಂದು ಕೈಗೆ ಎರಡೋ ಮೂರೋ. ಇಳಿಸುವ ಕೆಲಸ ಮಾರನೇ ದಿನ ನೋವು ಕೊಡುವುದರಲ್ಲಿ ಮುಂದು.

ಸಣ್ಣ ಗುಂಡಿಗೂ ಒಂದು ಕೆಲಸ ಇದೆ. 8 ಕೆಜಿಯನ್ನು ತಲೆಕೆಳಗಾಗಿ, ಹಿಡಿ ಕೆಳಗೆ ಗುಂಡು ಮೇಲೆ ಬರುವ ಹಾಗೆ ಹಿಡಿದು ಪ್ರೆಸ್ ಮಾಡಿ ನೋಡಿ. ಮುಷ್ಟಿ ಬಿಗಿಯಾಗದೆ ಅದು ನಿಲ್ಲುವುದೇ ಇಲ್ಲ, ಮುಂಗೈ ನೆಟ್ಟಗೆ ಇರದಿದ್ದರೆ ಬೀಳುತ್ತದೆ. ಭಾರ ಇಲ್ಲದೆಯೇ ದಾರಿ ತಿದ್ದಿಕೊಳ್ಳಲು ಇದು ಒಳ್ಳೆಯ ಉಪಾಯ. ಮನೆಯೊಳಗೆ ಟೈಲ್ಸ್ ಮೇಲೆ ಮಾತ್ರ ಬೇಡ.

ಇನ್ನು ಪ್ರೆಸ್ ಮಾಡುವ ರೀತಿ. ಹಗುರ ಗುಂಡು ಎಲ್ಲವನ್ನೂ ಕ್ಷಮಿಸುತ್ತದೆ, ಅದಕ್ಕೇ ಭಾರ ಏರಿಸುವ ಮೊದಲು ಇದನ್ನು ನೋಡಿಕೊಳ್ಳಬೇಕು. ಮೊದಲು ಮಣಿಕಟ್ಟು. ಹಿಡಿ ಅಂಗೈಗೆ ಓರೆಯಾಗಿ ಕೂರಬೇಕು, ಹೆಬ್ಬೆರಳ ಸಂದಿಯಿಂದ ಕಿರುಬೆರಳ ಕೆಳಗಿನ ದಪ್ಪ ಭಾಗದ ಕಡೆಗೆ. ಆಗ ಮಣಿಕಟ್ಟು ಹಿಂದಕ್ಕೆ ಬಾಗದೆ ನೆಟ್ಟಗೆ ನಿಲ್ಲುತ್ತದೆ. ಡಂಬೆಲ್‌ನಲ್ಲಿ ಭಾರ ಮುಷ್ಟಿಯ ಎರಡೂ ಕಡೆ ಸಮ. ಇಲ್ಲಿ ಪೂರ್ತಿ ಭಾರ ಮುಂಗೈ ಹಿಂದೆ ಇರುತ್ತದೆ, ಕೈಯನ್ನು ಹೊರಗೆ ಹಿಂದೆ ಎಳೆಯುತ್ತಲೇ ಇರುತ್ತದೆ. 12ರಲ್ಲಿ ಈ ಎಳೆತ ಗೊತ್ತಾಗುವುದಿಲ್ಲ. 16ರಲ್ಲಿ ಗೊತ್ತಾಗುತ್ತದೆ.

ರ‍್ಯಾಕ್‌ನಲ್ಲಿ ಮುಂಗೈ ನೆಟ್ಟಗೆ, ಮೊಣಕೈ ಪಕ್ಕೆಗೆ ಹತ್ತಿರ. ಸೊಂಟದ ಮೇಲೆ ಬಿಂದಿಗೆ ಕೂರುವ ಹಾಗೆ ಗುಂಡು ಮುಂಗೈ ಮತ್ತು ತೋಳಿನ ನಡುವೆ ಕೂರಬೇಕು, ನಾವು ಅದನ್ನು ಹಿಡಿದು ನೇತಾಡಿಸಿಕೊಂಡಿರುವ ಹಾಗೆ ಅನಿಸಬಾರದು. ಭುಜ ಕಿವಿಯ ಕಡೆ ಏರಿರಬಾರದು. ಅಲ್ಲಿಂದ ಉಸಿರು ತೆಗೆದುಕೊಂಡು ಹೊಟ್ಟೆ ಬಿಗಿ, ಕುಂಡಿ ಬಿಗಿ, ಮಂಡಿ ನೆಟ್ಟಗೆ, ಗುಂಡು ಹಿಡಿದ ಮುಷ್ಟಿ ಬಿಗಿ. ಖಾಲಿ ಇರುವ ಕೈಯ ಮುಷ್ಟಿಯನ್ನೂ ಬಿಗಿ ಮಾಡಿ. ಒಂದು ಕಡೆ ಸ್ನಾಯು ಬಲವಾಗಿ ಬಿಗಿದಾಗ ಆ ಬಿಗಿ ಅಕ್ಕಪಕ್ಕದ ಸ್ನಾಯುಗಳಿಗೂ ಹರಡುತ್ತದೆ, ಪ್ರೆಸ್ ಮಾಡುವ ಭುಜಕ್ಕೆ ಅದರ ಲಾಭ ಸಿಗುತ್ತದೆ. ನನಗೆ 16 ಮೊದಲ ಸಲ ಹಣೆ ದಾಟಿದ್ದು ಎಡಮುಷ್ಟಿ ಬಿಗಿ ಹಿಡಿದಾಗಲೇ. ಮೇಲೆ ಹೋಗುವಾಗ ಹಲ್ಲಿನ ಸಂದಿಯಿಂದ ಉಸ್ ಅಂತ ಸ್ವಲ್ಪ ಸ್ವಲ್ಪವೇ ಉಸಿರು ಬಿಡಿ, ಒಂದೇ ಸಲ ಬಿಟ್ಟರೆ ಹೊಟ್ಟೆಯ ಬಿಗಿ ಹೋಗಿ ಎಲ್ಲ ಸಡಿಲವಾಗುತ್ತದೆ. ಬಿಪಿ ಇರುವವರು ಈ ಉಸಿರು ಕಟ್ಟುವ ವಿಷಯದಲ್ಲಿ ಮೊದಲು ಡಾಕ್ಟರನ್ನು ಕೇಳಿ.

ಮುಂಗೈ ಎಲ್ಲ ಹಂತದಲ್ಲೂ ನೆಲಕ್ಕೆ ನೇರವಾಗಿರಬೇಕು. ಗುಂಡಿನ ಕೆಳಗೆ ಮೊಣಕೈ, ಅಷ್ಟೆ. ಮೇಲೆ ಕೈ ಪೂರ್ತಿ ನೆಟ್ಟಗಾದಾಗ ತೋಳು ಕಿವಿಯ ಪಕ್ಕ ಬರಬೇಕು. ಇಳಿಸುವಾಗ ಸುಮ್ನೆ ಬಿಡಬೇಡಿ, ಮೇಲಿರುವ ಯಾವುದನ್ನೋ ಕೆಳಗೆ ಎಳೆದುಕೊಳ್ಳುವ ಹಾಗೆ ಪಕ್ಕೆಯ ಸ್ನಾಯುವಿನಿಂದ ಎಳೆದುಕೊಳ್ಳಿ. ಮುಂದಿನ ರೆಪ್ ಅಲ್ಲೇ ಶುರುವಾಗಿರುತ್ತದೆ.

ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು: ಬೆನ್ನು ಹಿಂದಕ್ಕೆ ಬಾಗಿಸಿ ಎತ್ತಿದ್ದನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಹಿಂದೆ ಒಲಿಂಪಿಕ್ಸ್ ವೇಟ್‌ಲಿಫ್ಟಿಂಗ್‌ನಲ್ಲಿ ಪ್ರೆಸ್ ಕೂಡ ಇತ್ತು. ಬರಬರುತ್ತ ಲಿಫ್ಟರ್‌ಗಳು ಎಷ್ಟು ಹಿಂದಕ್ಕೆ ಬಾಗತೊಡಗಿದರು ಅಂದರೆ ಯಾವುದು ಸರಿ ಯಾವುದು ತಪ್ಪು ಅಂತ ತೀರ್ಪುಗಾರರಿಗೆ ಹೇಳುವುದೇ ಕಷ್ಟವಾಯಿತು, 1972ರ ಮ್ಯೂನಿಕ್ ಒಲಿಂಪಿಕ್ಸ್ ಆದ ಮೇಲೆ ಅದನ್ನು ತೆಗೆದೇ ಹಾಕಿದರು. ತಾರಸಿಯಲ್ಲಿ ನಮಗೆ ತೀರ್ಪುಗಾರರಿಲ್ಲ. ಫೋನನ್ನು ನೀರಿನ ಟ್ಯಾಂಕಿಗೆ ಒರಗಿಸಿ ಪಕ್ಕದಿಂದ ವಿಡಿಯೊ ಮಾಡಿಕೊಳ್ಳಿ. ಸೊಂಟ ಮುಂದೆ ಹೋಗಿ ಪಕ್ಕೆ ಮೇಲೆದ್ದು ಮುಖ ಆಕಾಶ ನೋಡುತ್ತಿದ್ದರೆ ಅದು ಇನ್ನೂ ನಿಮ್ಮ ಭಾರ ಆಗಿಲ್ಲ.

16 ಮೊದಲ ಸಲ ಸರಿಯಾಗಿ ಹೋದ ಮೇಲೆ ಏನು? ಆ ಖುಷಿಯಲ್ಲಿ 12ನ್ನು ಕಪಾಟಿಗೆ ಸೇರಿಸಿಬಿಡಬೇಡಿ. ಬೆರೆಸಿ. ಲ್ಯಾಡರ್‌ನ ಮೊದಲ ಮೆಟ್ಟಿಲು 16ರಲ್ಲಿ ಒಂದು ರೆಪ್, ಉಳಿದದ್ದು 12ರಲ್ಲಿ ಎರಡು, ಮೂರು. ಐದು ಲ್ಯಾಡರ್ ಆಗುವಾಗ 16ರಲ್ಲಿ ಒಂದೊಂದು ಕೈಗೆ ಐದು ರೆಪ್ ಆಗಿರುತ್ತದೆ, ಎಲ್ಲವೂ ತಾಜಾ ಕೈಯಲ್ಲಿ. ಕೆಲವು ವಾರ ಕಳೆದ ಮೇಲೆ ಎರಡನೇ ಮೆಟ್ಟಿಲನ್ನೂ 16ಕ್ಕೆ ಕೊಡಿ. ಹೀಗೆ ಕೆಳಗಿನಿಂದ ಒಂದೊಂದೇ ಮೆಟ್ಟಿಲು ಭಾರವಾಗುತ್ತ ಹೋಗುತ್ತದೆ. ಮಣಿಕಟ್ಟಿಗೆ ಸುತ್ತುವ ಅರ್ಧ ಕೆಜಿ, ಒಂದು ಕೆಜಿಯ ಪಟ್ಟಿಗಳು ಸ್ಪೋರ್ಟ್ಸ್ ಅಂಗಡಿಯಲ್ಲಿ ಸಿಗುತ್ತವೆ. 12ರ ಜೊತೆ ಅದನ್ನು ಕಟ್ಟಿ 13 ಮಾಡಿಕೊಳ್ಳುವುದೂ ಒಳ್ಳೆಯದೇ, ಆದರೆ ಗುಂಡು ಅದರ ಮೇಲೆ ಒರಗಿ ಕೂತಾಗ ಸ್ವಲ್ಪ ಒತ್ತುತ್ತದೆ.

ಎಡಗೈ ವಿಷಯ. ಬಲಗೈ ಬೇಗ ಸಿದ್ಧವಾಗುತ್ತದೆ, ಹೆಚ್ಚಿನವರಿಗೆ ಹಾಗೇ. ಎಡಗೈಯಿಂದಲೇ ಶುರು ಮಾಡಿ, ಎಡಗೈ ಮಾಡಿದಷ್ಟನ್ನೇ ಬಲಗೈಗೂ ಮಾಡಿಸಿ. ಬಲಗೈಗೆ ಇನ್ನೂ ಎರಡು ಬರುತ್ತಿತ್ತು ಅನಿಸಿದರೂ ನಿಲ್ಲಿಸಿ.

ನೋವಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ನಾಯು ಬಳಲಿದ ನೋವು ಬೇರೆ, ಭುಜದ ಮುಂದೆಯೋ ಮೇಲೆಯೋ ಚಳಕು ಹೊಡೆದ ಹಾಗೆ ಬರುವ ನೋವು ಬೇರೆ. ಎರಡನೆಯದು ಬಂದರೆ ಅಂದಿಗೆ ಪ್ರೆಸ್ ಮುಗಿಯಿತು, ಮತ್ತೆ ಮತ್ತೆ ಬಂದರೆ ಅಥವಾ ಕೈ ಜುಮ್ಮೆಂದರೆ ಡಾಕ್ಟರ್ ಹತ್ತಿರ ಹೋಗಿ. ಪ್ರೆಸ್ ಎಷ್ಟು ಮಾಡುತ್ತೀರೋ ಎಳೆಯುವ ಕೆಲಸವನ್ನೂ ಅಷ್ಟೇ ಮಾಡಿ, ಗುಂಡನ್ನು ಬಗ್ಗಿ ಪಕ್ಕೆಗೆ ಎಳೆಯುವುದು, ಕಂಬಿಗೆ ನೇತಾಡುವುದು. ಊಟದಲ್ಲಿ ಮುದ್ದೆ ಇದ್ದರೆ ಸಾಲದು, ಜೊತೆಗೆ ಕಾಳು ಬೇಕು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 7 ಗ್ರಾಂ ಪ್ರೋಟೀನ್, ಹುರುಳಿಯಲ್ಲಿ ಸುಮಾರು 22. ಹುರುಳಿಕಾಳಿನ ಸಾರು ನಮ್ಮ ಕಡೆಯ ಮನೆಗಳಲ್ಲಿ ಹೇಗೂ ಇರುತ್ತದೆ, ಬಸಿದ ಕಾಳನ್ನೂ ಒಗ್ಗರಣೆ ಹಾಕಿ ತಟ್ಟೆಗೆ ಜಾಸ್ತಿ ಹಾಕಿಕೊಳ್ಳಿ.

ಗುಂಡು ಕೊಳ್ಳುವವರಿಗೆ ಒಂದು ಮಾತು. ತೂಗಿಸಿ ನೋಡಿ. ನಾನು ತರಿಸಿದ 16 ಅನ್ನುವ ಗುಂಡನ್ನು ನಮ್ಮ ಬೀದಿಯ ಗುಜರಿ ಅಂಗಡಿ ತಕ್ಕಡಿಗೆ ಇಟ್ಟಾಗ ಮುಕ್ಕಾಲು ಕೆಜಿಯಷ್ಟು ಜಾಸ್ತಿ ತೂಗಿತು. 12 ಸರಿಯಾಗಿಯೇ ಇತ್ತು. ಅಂದರೆ ನಾನು ದಾಟಬೇಕಾಗಿದ್ದದ್ದು ನಾಲ್ಕಲ್ಲ, ಹತ್ತಿರಹತ್ತಿರ ಐದು ಕೆಜಿ! ಪ್ಲಾಸ್ಟಿಕ್ ಒಳಗೆ ಸಿಮೆಂಟ್ ತುಂಬಿದ್ದನ್ನು ಪ್ರೆಸ್‌ಗೆ ಕೊಳ್ಳಬೇಡಿ, ಅವು ತೂಕಕ್ಕೆ ತುಂಬ ದಪ್ಪ, ಮುಂಗೈ ಮೇಲೆ ಸರಿಯಾಗಿ ಕೂರುವುದಿಲ್ಲ. ಎರಕದ ಕಬ್ಬಿಣದ್ದು ತೂಕ ಏರಿದಂತೆ ಗಾತ್ರವೂ ಏರುತ್ತದೆ, ಹಾಗಾಗಿ ಹೊಸ ಗುಂಡು ಮುಂಗೈಯ ಬೇರೆ ಜಾಗದಲ್ಲಿ ಕೂರುತ್ತದೆ, ಅದಕ್ಕೆ ಒಗ್ಗಲು ಒಂದೆರಡು ವಾರ ಕೊಡಿ. ಸ್ಪರ್ಧೆಗೆ ಬಳಸುವ ಉಕ್ಕಿನ ಗುಂಡುಗಳು 8 ಆಗಲಿ 32 ಆಗಲಿ ಒಂದೇ ಗಾತ್ರ. ಬೆಲೆ ಜಾಸ್ತಿ, ಆದರೆ ಭಾರ ಬದಲಾದರೂ ಕೈಗೆ ದಾರಿ ಬದಲಾಗುವುದಿಲ್ಲ. ದುಡ್ಡು ಕೂಡಿದರೆ ಅವನ್ನೇ ಕೊಳ್ಳಿ ಅನ್ನುತ್ತೇನೆ.

ನಾನೀಗ 16ರಲ್ಲಿ 1-2-3 ಮಾಡುತ್ತಿದ್ದೇನೆ. ಎಡಗೈಗೆ ಮೂರನೆಯದು ಇನ್ನೂ ಎಲ್ಲ ಲ್ಯಾಡರ್‌ನಲ್ಲೂ ಬರುತ್ತಿಲ್ಲ, ಬರದ ಕಡೆ ಎರಡಕ್ಕೇ ನಿಲ್ಲಿಸುತ್ತೇನೆ. ತಮ್ಮನೂ 20ರಲ್ಲಿ ಲ್ಯಾಡರ್ ಶುರು ಮಾಡಿದ್ದಾನೆ, ಅವನಿಗೆ ಆರು ಸ್ವಚ್ಛ ರೆಪ್ ಬಂದ ದಿನ 24 ಮುಟ್ಟುವುದು ಅಂತ ಒಪ್ಪಂದ ಆಗಿದೆ. ಮೈಸೂರಿನಲ್ಲಿ 14 ಅಥವಾ 18 ಕೆಜಿ ಗುಂಡನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದಾದ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನಾನು ನೋಡಿದ ಕಡೆಯೆಲ್ಲ ನಾಲ್ಕು ನಾಲ್ಕು ಕೆಜಿ ಹಾರುವವೇ ಇವೆ.